ಬೆಟ್ಟದ ನೀರು ತೋಟಕ್ಕೆ ನುಗ್ತಾ ಇದೆ, ಇಂಗುಗುಂಡಿ ತೋಡಿಸಲಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಒಂದು ಎಕರೆ ಅಡಿಕೆ ತೋಟ. ಅದರ ತಲೆ ಮೇಲೆ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡ. ಜುಲೈನಲ್ಲಿ ಬೆಟ್ಟದಿಂದ ಕೆಂಪು ನೀರು ಇಳಿದು ಬಸಿಗಾಲುವೆಯಲ್ಲಿ ಹೂಳು ತುಂಬುತ್ತದೆ. ಮೇಲಿನ ಸಾಲಿನ ಮರಗಳ ಬೇರು ಎದ್ದು ಕಾಣುತ್ತಿದೆ. ಏಪ್ರಿಲ್ ಬಂದರೆ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ. ಪಕ್ಕದವರು ಜೇಸಿಬಿ ತಂದು ದೊಡ್ಡ ದೊಡ್ಡ ಇಂಗುಗುಂಡಿ ತೋಡಿಸಿದ್ದಾರೆ. ನಾವೂ ತೋಡಿಸಲಾ?

ಉತ್ತರ (ಕೃಷಿ ಎಂಜಿನಿಯರ್, ಮಣ್ಣು-ನೀರು ಸಂರಕ್ಷಣೆ): ಜೇಸಿಬಿಗೆ ಈಗಲೇ ಹೇಳಬೇಡಿ. ಜೋರು ಮಳೆ ಹೊಡೆಯುವಾಗ ಒಮ್ಮೆ ಕೊಡೆ ಹಿಡಿದು ಬೆಟ್ಟ ಹತ್ತಿ. ಕೆಂಪು ನೀರಿನ ಜಾಡು ಹಿಡಿದು ಮೇಲೆ ಹೋಗಿ. ನಾನು ನೋಡಿದ ಹೆಚ್ಚಿನ ಕಡೆ ಅದು ಹೋಗಿ ಮುಟ್ಟುವುದು ಗೊಬ್ಬರ, ಸೊಪ್ಪು ಸಾಗಿಸುವ ಗಾಡಿ ದಾರಿಗೆ. ದಾರಿ ನೇರ ಇಳಿಜಾರಿಗಿದ್ದರೆ ಮಳೆಗಾಲದಲ್ಲಿ ಅದೇ ಹಳ್ಳ. ಹತ್ತಿಪ್ಪತ್ತು ಹೆಜ್ಜೆಗೊಂದು ಕಡೆ ದಾರಿಗೆ ಅಡ್ಡ ಓರೆಯಾಗಿ ಮಣ್ಣಿನ ದಿಂಡು ಹಾಕಿ, ನೀರನ್ನು ದರಕು (ಉದುರಿದ ಒಣ ಎಲೆ) ಬಿದ್ದ ಕಡೆ ತಿರುಗಿಸಿ. ಅರ್ಧ ಹೂಳು ಅಲ್ಲೇ ನಿಲ್ಲುತ್ತದೆ.

ದರಕನ್ನು ಪೂರ್ತಿ ಗುಡಿಸಿ ಕೊಟ್ಟಿಗೆಗೆ ತರಬೇಡಿ. ಬೋಳು ನೆಲಕ್ಕೆ ಮಳೆ ಹನಿ ಬಡಿದರೆ ಮೇಲ್ಮಣ್ಣು ಕದಡಿ, ನೆಲದ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಜಾರಿ ಹೋಗುವುದೇ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ. ಅಂದ್ರೆ ಒಂದು ಎಕರೆ ಮೇಲೆ 1 ಕೋಟಿ ಲೀಟರ್ ನೀರು ಬೀಳುತ್ತದೆ. ಅಷ್ಟನ್ನು ಯಾವ ಗುಂಡಿಯೂ ಹಿಡಿಯಲ್ಲ. ಇಡೀ ಬೆಟ್ಟದ ನೆಲವೇ ಕುಡಿಯಬೇಕು.

ಇದಾದ ಮೇಲೆ ಗುಂಡಿ. ಒಂದೇ ದೊಡ್ಡ ಹೊಂಡ ಬೇಡ. 10 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳದ ಸಣ್ಣ ತೋಡುಗಳು ಸಾಕು. ಇಳಿಜಾರಿಗೆ ಅಡ್ಡಲಾಗಿ, ತುದಿಯಿಂದ ತುದಿಗೆ ಒಂದೇ ಮಟ್ಟದಲ್ಲಿರಲಿ. ಒಂದೊಂದು ಸುಮಾರು 850 ಲೀಟರ್ ಹಿಡಿಯುತ್ತದೆ, ಒಂದೇ ಮಳೆಗಾಲದಲ್ಲಿ ಎಷ್ಟೋ ಸಲ ತುಂಬಿ ಇಂಗುತ್ತದೆ. ಮೇಲಿನ ಸಾಲಿನಲ್ಲಿ ಜಾಗ ಬಿಟ್ಟಲ್ಲಿ ಕೆಳಗಿನ ಸಾಲಿನ ತೋಡು ಬರಲಿ. ತೆಗೆದ ಮಣ್ಣನ್ನು ಕೆಳಬದಿಗೆ ಹಾಕಿ, ಅದರ ಮೇಲೆ ಲಾವಂಚ ನೆಡಿ. ಬೇರು ನೆಟ್ಟಗೆ ಕೆಳಗಿಳಿದು ಮಣ್ಣು ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಮಟ್ಟ ನೋಡುವುದು ಹೇಗೆ? ಕಣ್ಣಂದಾಜು ಸಾಕಲ್ವಾ?

ಉತ್ತರ: ಸಾಕಾಗಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಣ್ಣಂದಾಜಿನಲ್ಲೇ ಗುರುತು ಹಾಕಿಸಿದ್ದೆ. ತೋಡಿನ ಒಂದು ತುದಿ ಸ್ವಲ್ಪ ತಗ್ಗಿತ್ತು. ಒಂದೇ ರಾತ್ರಿ ನೀರೆಲ್ಲ ಅಲ್ಲಿ ಸೇರಿ ದಂಡೆ ಒಡೆದು, ಸೊಂಟದಾಳದ ಕೊರಕಲು ಬಿತ್ತು. ಆ ರೈತರ ಮುಖ ಇನ್ನೂ ಮರೆತಿಲ್ಲ.

ಎರಡು ಉದ್ದ ಕೋಲನ್ನು ಇಂಗ್ಲಿಷ್ A ಅಕ್ಷರದ ಹಾಗೆ ತುದಿಯಲ್ಲಿ ಕಟ್ಟಿ, ನಡುವೆ ಒಂದು ಅಡ್ಡಕೋಲು ಬಿಗಿಯಿರಿ. ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ಈ ಚೌಕಟ್ಟಿನ ಎರಡೂ ಕಾಲನ್ನು ನೆಲಕ್ಕೆ ಊರಿ, ದಾರ ಅಡ್ಡಕೋಲನ್ನು ಮುಟ್ಟಿದಲ್ಲಿ ಗೀರು ಹಾಕಿ. ಕಾಲು ಅದಲು ಬದಲು ಮಾಡಿ ಅದೇ ಜಾಗದಲ್ಲಿ ಊರಿ, ಇನ್ನೊಂದು ಗೀರು. ಎರಡರ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಸಮಮಟ್ಟ. ಹೀಗೆ ಕಾಲು ಹಾಕುತ್ತಾ ಗೂಟ ಹೊಡೆಯುತ್ತಾ ಹೋಗಿ. ಗೂಟದ ಸಾಲು ಬೆಟ್ಟದ ಮೈಯಂತೆ ಬಳುಕುತ್ತದೆ. ಅದನ್ನು ನೇರ ಮಾಡಲು ಹೋಗಬೇಡಿ.

ಒಂದು ಮಾತು ಬಿಟ್ಟಿದ್ದೆ. ನೀರು ಇಂಗಲಿ ಅಂತ ತೋಟದ ಬಸಿಗಾಲುವೆಗೆ ಕಟ್ಟೆ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಅಡಿಕೆ ಬೇರು ನಿಂತ ನೀರು ತಡೆಯಲ್ಲ. ಮಳೆಗಾಲಕ್ಕೆ ಮೊದಲು ಹೂಳು ತೆಗೆದು ಆ ಮಣ್ಣನ್ನೇ ಎದ್ದ ಬೇರಿಗೆ ಏರಿಸಿ.

ಪ್ರಶ್ನೆ (ಯಲ್ಲಾಪುರ ಕಡೆಯಿಂದ): ನಮ್ಮ ಮನೆ ಹಿಂದೆಯೇ ಕಡಿದಾದ ಗುಡ್ಡ. 2021ರಲ್ಲಿ ನಮ್ಮ ತಾಲೂಕಿನ ಕಳಚೆ ಊರಲ್ಲಿ ಗುಡ್ಡ ಕುಸಿದಿದ್ದು ನೋಡಿ ಹೆದರಿಕೆ. ಅಲ್ಲೂ ತೋಡಬಹುದಾ?

ಉತ್ತರ: ಬೇಡ. 3 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿಗಿಂತ ಜಾಸ್ತಿ ಇಳಿಯುವ ಗುಡ್ಡದಲ್ಲಿ ನಾನು ಗುಂಡಿ ತೋಡಿಸುವುದಿಲ್ಲ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅಲ್ಲಿ ನೀರು ಬೇಗ ಹೊರಗೆ ಹೋಗುವ ದಾರಿ ಮಾಡಬೇಕು. ಗುಡ್ಡದ ಬುಡ ಕಡಿಯಬೇಡಿ, ಮರ ಉಳಿಸಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಒರತೆ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಇದರಲ್ಲಿ ಒಂದು ಕಂಡರೂ ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ. ಪಂಚಾಯ್ತಿಗೆ ಆಮೇಲೆ ಫೋನ್ ಮಾಡಿದರಾಯ್ತು.

ಪ್ರಶ್ನೆ (ಕಾರವಾರ): ನಮ್ಮದು ಸಮುದ್ರದ ಹತ್ತಿರ ತೆಂಗಿನ ತೋಟ, ಬರೀ ಮರಳು.

ಉತ್ತರ: ನಿಮ್ಮಲ್ಲಿ ನೀರು ಇಂಗುತ್ತದೆ, ನಿಲ್ಲಲ್ಲ. ಬುಡದಿಂದ 6 ಅಡಿ ದೂರದಲ್ಲಿ ಸುತ್ತ ತೋಡಿ, ಕಾಯಿ ಸಿಪ್ಪೆಯನ್ನು ಬಟ್ಟಲಿನ ಹಾಗೆ ಮೇಲ್ಮುಖ ಮಾಡಿ ಪದರ ಪದರವಾಗಿ ಹೂತುಬಿಡಿ. ಅದು ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬಾವಿ ತಳ ಕಾಣುವವರೆಗೆ ಪಂಪ್ ಓಡಿಸಬೇಡಿ, ಉಪ್ಪುನೀರು ಒಳಗೆ ಬರುತ್ತದೆ.

ಮೊದಲು ಕೇಳಿದವರು: ಜೇಸಿಬಿಯವರಿಗೆ ಬೇಡ ಅಂದೆ. ಯಾವಾಗ ಶುರು ಮಾಡಲಿ?

ಉತ್ತರ: ಈ ಮಳೆಯಲ್ಲಿ ನೀರಿನ ದಾರಿ ನೋಡಿ, ಗೂಟ ಹೊಡೆದಿಡಿ. ಅಗೆಯುವುದು ಅಕ್ಟೋಬರ್ ಕೊನೆಗೆ, ಮಣ್ಣು ಇನ್ನೂ ಮೆತ್ತಗಿರುವಾಗ. ಗೂಟದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.