ಹಾಲು ಅರಗುವ ಗುಣ ಮೊದಲೋ, ಹಾಲು ಬಳಸುವ ರೂಢಿ ಮೊದಲೋ?

ಪ್ರಶ್ನೆ: ಸುಮನಾ

ನಮಸ್ಕಾರ. ಜೀವವಿಕಾಸದ ಬಗ್ಗೆ ಓದುವಾಗಲೆಲ್ಲ ಹಾಲಿನ ಉದಾಹರಣೆ ಎದುರಾಗುತ್ತದೆ. ಮನುಷ್ಯರು ದನ, ಆಡು, ಕುರಿಗಳನ್ನು ಸಾಕತೊಡಗಿದರು, ಹಾಲು ಕುಡಿಯತೊಡಗಿದರು, ಹಾಗಾಗಿ ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳುವ ವಂಶವಾಹಿ ಬಂದಿತು ಎಂದು ಎರಡು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ಕುಡಿದ ಮಾತ್ರಕ್ಕೆ ವಂಶವಾಹಿ ಬದಲಾಗುವುದಿಲ್ಲ ಎಂಬಷ್ಟು ನನಗೆ ಗೊತ್ತು. ಹಾಗಿದ್ದರೆ ಹಾಲು ಅರಗದಿದ್ದ ಕಾಲದಲ್ಲಿ ಜನ ಅದನ್ನು ಏಕೆ ಬಳಸುತ್ತಿದ್ದರು? ಬಳಸುತ್ತಲೇ ಇರಲಿಲ್ಲ ಎಂದಾದರೆ, ಅಂಥ ವಂಶವಾಹಿಯನ್ನು ಪಡೆದು ಹುಟ್ಟಿದವರಿಗೆ ಅದರಿಂದ ಆಗುತ್ತಿದ್ದ ಲಾಭವಾದರೂ ಏನು? ಇನ್ನೊಂದು ಸಂದೇಹವೂ ಇದೆ. ಶಿಶುವಾಗಿದ್ದಾಗ ಎಲ್ಲರಿಗೂ ಹಾಲು ಅರಗುತ್ತದೆ ಎಂದ ಮೇಲೆ ಆ ವಂಶವಾಹಿ ಎಲ್ಲರಲ್ಲಿಯೂ ಇರಲೇಬೇಕಲ್ಲವೇ? ಇರುವುದೇ ಮತ್ತೆ ಬರುವುದು ಹೇಗೆ?

ಉತ್ತರ: ಕಿಣ್ವಪ್ರಿಯ

ಸುಮನಾ ಅವರೇ, ನಿಮ್ಮ ಕೊನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದು ಇದ್ದ ರೂಪದಲ್ಲಿಯೇ ರಕ್ತವನ್ನು ಸೇರಲಾರದು. ಸಣ್ಣಕರುಳಿನ ಒಳಗೋಡೆಯ ಜೀವಕೋಶಗಳ ಅಂಚಿನಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯಬೇಕು. ಈ ಕಿಣ್ವಕ್ಕೆ ಬೇಕಾದ ಎಲ್‌ಸಿಟಿ ಎಂಬ ವಂಶವಾಹಿ 2ನೇ ವರ್ಣತಂತುವಿನಲ್ಲಿದೆ, ನೀವು ಊಹಿಸಿದಂತೆ ಎಲ್ಲ ಮನುಷ್ಯರಲ್ಲಿಯೂ ಇದೆ. ಅದೇ ಕೆಟ್ಟುಹೋಗಿ, ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಶಿಶುಗಳು ಅತಿ ವಿರಳ. ಉಳಿದ ಸಸ್ತನಿಗಳಂತೆ ಮನುಷ್ಯರಲ್ಲಿಯೂ ತಾಯಿಯ ಹಾಲು ಬಿಡಿಸುವ ವಯಸ್ಸಿನ ನಂತರ ಈ ವಂಶವಾಹಿಯ ಚಟುವಟಿಕೆ ಕ್ರಮೇಣ ಕುಗ್ಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗದವರದು ಇದೇ ಸ್ಥಿತಿಯಾಗಿರುವುದರಿಂದ ಇದನ್ನು ಕಾಯಿಲೆ ಎಂದು ಎಣಿಸುವುದು ಸರಿಯಲ್ಲ. ಮಿಕ್ಕವರಲ್ಲಿ ಬದಲಾಗಿರುವುದು ಕಿಣ್ವವಲ್ಲ, ಅದರ ತಯಾರಿಕೆಯನ್ನು ವಯಸ್ಸಿಗೆ ತಕ್ಕಂತೆ ನಿಲ್ಲಿಸುವ ವ್ಯವಸ್ಥೆ.

ಆ ವ್ಯವಸ್ಥೆ ಎಲ್ಲಿದೆ ಎಂಬುದು ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ. 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಅಲ್ಲಿನ ಕೆಲವು ದೊಡ್ಡ ಕುಟುಂಬಗಳ ಡಿಎನ್‌ಎ ಪರಿಶೀಲಿಸಿದಾಗ, ಹಾಲು ಅರಗುವವರಿಗೂ ಅರಗದವರಿಗೂ ಇರುವ ವ್ಯತ್ಯಾಸ ಎಲ್‌ಸಿಟಿಯ ಒಳಗೆ ಸಿಗಲಿಲ್ಲ. ಅದರ ಆರಂಭಬಿಂದುವಿಗಿಂತ ಡಿಎನ್‌ಎಯ ರಾಸಾಯನಿಕ ಅಕ್ಷರಗಳ ಲೆಕ್ಕದಲ್ಲಿ 13,910 ಅಕ್ಷರಗಳಷ್ಟು ಹಿಂದೆ, ಎಂಸಿಎಂ6 ಎಂಬ ನೆರೆಯ ವಂಶವಾಹಿಯ ಒಳಗೆ ಅದು ಪತ್ತೆಯಾಯಿತು. ಎಂಸಿಎಂ6ರ ಕೆಲಸ ಡಿಎನ್‌ಎ ನಕಲಾಗುವುದಕ್ಕೆ ನೆರವಾಗುವುದು. ಹಾಲಿಗೂ ಅದಕ್ಕೂ ನಂಟಿಲ್ಲ. ಆದರೆ ಅದರ ಪ್ರೋಟೀನಿಗೆ ಬೇಕಿಲ್ಲದ ಒಂದು ತುಣುಕು ಪಕ್ಕದ ಎಲ್‌ಸಿಟಿಗೆ ಸ್ವಿಚ್ಚಿನಂತೆ ವರ್ತಿಸುತ್ತದೆ. ಅಲ್ಲಿ ಸಿ ಎಂಬ ಅಕ್ಷರದ ಬದಲು ಟಿ ಇದ್ದರೆ, ವಂಶವಾಹಿಗಳನ್ನು ಚಾಲನೆಗೊಳಿಸುವ ಕೆಲವು ಪ್ರೋಟೀನುಗಳು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತವೆ, ಎಲ್‌ಸಿಟಿ ಬಾಲ್ಯ ಕಳೆದ ಮೇಲೂ ದುಡಿಯುತ್ತಲೇ ಇರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಟಿ, ಮತ್ತೊಬ್ಬರಿಂದ ಸಿ ಪಡೆದವರ ಕರುಳಿನ ಜೀವಕೋಶಗಳನ್ನು ಪರೀಕ್ಷಿಸಿದರೆ, ಟಿ ಇರುವ ವರ್ಣತಂತುವಿನ ಎಲ್‌ಸಿಟಿ ಚುರುಕಾಗಿದ್ದು, ಅದೇ ಜೀವಕೋಶದಲ್ಲಿರುವ ಜೋಡಿ ವರ್ಣತಂತುವಿನ ಎಲ್‌ಸಿಟಿ ಬಹುಮಟ್ಟಿಗೆ ಸುಮ್ಮನಿರುವುದು ಕಾಣುತ್ತದೆ. ಒಂದು ಪ್ರತಿಯ ದುಡಿಮೆಯೇ ದಿನನಿತ್ಯದ ಹಾಲಿಗೆ ಸಾಕಾಗುವುದರಿಂದ ಈ ಗುಣ ಪ್ರಬಲ ಗುಣವಾಗಿ ಮುಂದಿನ ತಲೆಮಾರಿಗೆ ಸಾಗುತ್ತದೆ.

ಇಂಥ ಅಕ್ಷರಪಲ್ಲಟಗಳು ಹಾಲಿನ ಹಂಗಿಲ್ಲದೆ, ಆಕಸ್ಮಿಕವಾಗಿ ಆಗುತ್ತಿರುತ್ತವೆ. ಹಾಲೇ ಇಲ್ಲದ ಸಮುದಾಯದಲ್ಲಿ ಅದರಿಂದ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲವಾದ್ದರಿಂದ ಹೆಚ್ಚಿನವು ಕೆಲವೇ ತಲೆಮಾರುಗಳಲ್ಲಿ ಅಳಿಸಿಹೋಗುತ್ತವೆ. ಹಾಲಿನ ಬಳಕೆ ನೆಲೆಯೂರಿದ ಕಡೆಯಲ್ಲಿ ಮಾತ್ರ ನಿಸರ್ಗದ ಆಯ್ಕೆಗೆ ಅದು ಕಣ್ಣಿಗೆ ಬೀಳುತ್ತದೆ.

ಉತ್ತರ: ಉತ್ಖನನ

ಹಿಂದಿನ ಉತ್ತರಕ್ಕೆ ಪೂರಕವಾಗಿ ಕಾಲಾನುಕ್ರಮವನ್ನು ಹೇಳುತ್ತೇನೆ. ರೂಢಿ ಮೊದಲು, ಗುಣ ಬಹಳ ತಡವಾಗಿ. ವಾಯವ್ಯ ಅನಟೋಲಿಯಾದಲ್ಲಿ (ಇಂದಿನ ಟರ್ಕಿ) ದೊರೆತ ಕ್ರಿ.ಪೂ. 7ನೇ ಸಹಸ್ರಮಾನದ ಮಡಕೆಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶ ಸಿಕ್ಕಿದೆ. ಸುಟ್ಟ ಮಡಕೆಯ ಸೂಕ್ಷ್ಮರಂಧ್ರಗಳು ಕೊಬ್ಬನ್ನು ಸಾವಿರಾರು ವರ್ಷ ಹಿಡಿದಿಟ್ಟುಕೊಳ್ಳುತ್ತವೆ. ಆ ಕೊಬ್ಬಿನ ಇಂಗಾಲದ ಐಸೊಟೋಪುಗಳ (ಬೇರೆ ಬೇರೆ ತೂಕದ ಇಂಗಾಲದ ಪರಮಾಣುಗಳ) ಪ್ರಮಾಣವನ್ನು ನೋಡಿ ಅದು ಮಾಂಸದ್ದೋ ಹಾಲಿನದೋ ಎಂದು ಹೇಳಬಹುದು. ಪೋಲೆಂಡಿನಲ್ಲಿ ಸಿಕ್ಕಿದ, ಮೈತುಂಬ ಸಣ್ಣ ತೂತುಗಳಿರುವ ಪ್ರಾಚೀನ ಮಡಕೆಚೂರುಗಳಲ್ಲಿಯೂ ಹಾಲಿನ ಕೊಬ್ಬು ಪತ್ತೆಯಾಗಿದ್ದು, ಅವು ಚೀಸ್ ಮಾಡುವಾಗ ನೀರಿನಂಶವನ್ನು ಸೋಸುವ ಪಾತ್ರೆಗಳೆಂಬುದು ಖಚಿತವಾಗಿದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಲನ್ನು ಹುಳಿಯಾಗಿಸಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದುಮುಗಿಸುತ್ತವೆ. ಚೀಸಿನಲ್ಲಿ ಅದರ ಬಹುಪಾಲು ಸೋಸಿದ ನೀರಿನೊಂದಿಗೇ ಹೊರಟುಹೋಗುತ್ತದೆ. ಲ್ಯಾಕ್ಟೇಸ್ ಇಲ್ಲದವರೂ ಹಾಲಿನ ಕೊಬ್ಬು, ಪ್ರೋಟೀನುಗಳನ್ನು ಈ ಬಗೆಯಲ್ಲಿ ಪಡೆಯಬಹುದಿತ್ತು.

ಇನ್ನು ವಂಶವಾಹಿಯ ವಿಷಯ. ಯುರೋಪಿನ ಪ್ರಾಚೀನ ಅಸ್ಥಿಗಳ ಡಿಎನ್‌ಎಯಲ್ಲಿ ಆ ಟಿ ಮೊದಲಿಗೆ ಕಾಣಿಸುವುದು ಕ್ರಿ.ಪೂ. 4700ರ ಆಸುಪಾಸಿನಲ್ಲಿ. ಅಂದರೆ ಹಾಲಿನ ಬಳಕೆ ಶುರುವಾಗಿ ಸಾವಿರಾರು ವರ್ಷಗಳಾದ ಮೇಲೆ. ಕಾಣಿಸಿಕೊಂಡ ಮೇಲೂ ಅದು ಬಹುಕಾಲ ಅಪರೂಪವಾಗಿಯೇ ಉಳಿದಿತ್ತು. ಜರ್ಮನಿಯ ಟೊಲೆನ್ಸೆ ನದಿಯ ದಡದಲ್ಲಿ ಕ್ರಿ.ಪೂ. 1200ರ ಸುಮಾರಿಗೆ ನಡೆದ ಕದನದಲ್ಲಿ ಸತ್ತವರ ಅಸ್ಥಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಈ ಗುಣವಿದ್ದದ್ದು ಎಂಟರಲ್ಲಿ ಒಬ್ಬರಿಗಷ್ಟೇ. ಇಂದು ಅದೇ ಪ್ರದೇಶದ ಬಹುಪಾಲು ಜನರಲ್ಲಿ ಅದು ಇದೆ. ಮೂರು ಸಾವಿರ ವರ್ಷಗಳು, ಸುಮಾರು 120 ತಲೆಮಾರುಗಳು. ವಿಕಾಸದ ಲೆಕ್ಕದಲ್ಲಿ ಇದು ದಂಗಾಗಿಸುವ ವೇಗ.

ಇದು ಯುರೋಪಿನ ಕಥೆಯಷ್ಟೇ ಅಲ್ಲ. 2007ರಲ್ಲಿ ತಳಿವಿಜ್ಞಾನಿ ಸಾರಾ ಟಿಶ್ಕಾಫ್ ಮತ್ತು ಸಂಗಡಿಗರು ಕೀನ್ಯಾ, ತಾಂಜಾನಿಯಾ, ಸುಡಾನ್‌ಗಳ ಜನರಲ್ಲಿ ಅದೇ ಸ್ವಿಚ್ಚಿನೊಳಗೆ, ಆದರೆ ಬೇರೆ ಬೇರೆ ಅಕ್ಷರಗಳಲ್ಲಿ ಆದ ಮೂರು ಬದಲಾವಣೆಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಅರೇಬಿಯಾದಲ್ಲಿಯೂ ವ್ಯಾಪಕವಾಗಿದ್ದು, ಅದರ ಹರಡುವಿಕೆಯನ್ನು ಒಂಟೆಸಾಕಣೆಯೊಂದಿಗೆ ಜೋಡಿಸಲಾಗಿದೆ. ಭಾರತದ ಜನರಲ್ಲಿ ಮುಖ್ಯವಾಗಿ ಕಾಣುವುದು ಮಾತ್ರ ಯುರೋಪಿನಲ್ಲಿರುವ ಅದೇ ಟಿ, ಸುತ್ತಲಿನ ಡಿಎನ್‌ಎ ಕೂಡ ಅದೇ. ಎಂದರೆ ಎರಡಕ್ಕೂ ಮೂಲ ಒಂದೇ. ಸ್ವತಂತ್ರವಾಗಿ ಹಲವು ಸಲ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಆದ ಬದಲಾವಣೆಗಳು ಒಂದೇ ಪರಿಣಾಮ ಬೀರಿ ಹಬ್ಬಿವೆ ಎಂದ ಮೇಲೆ ಅದನ್ನು ಕಾಕತಾಳೀಯ ಎನ್ನಲಾಗುವುದಿಲ್ಲ.

ಮರುಪ್ರಶ್ನೆ: ಸುಮನಾ

ಇಬ್ಬರಿಗೂ ಧನ್ಯವಾದಗಳು. ಆದರೆ ಈಗ ಸಮಸ್ಯೆ ಇನ್ನಷ್ಟು ಬಿಗಿಯಾಯಿತು. ಹಾಲನ್ನು ಹುಳಿಯಾಗಿಸಿ, ಚೀಸ್ ಮಾಡಿ ಸಾವಿರಾರು ವರ್ಷ ನೆಮ್ಮದಿಯಿಂದ ಇದ್ದವರಿಗೆ ಹಸಿ ಹಾಲು ಅರಗಲೇಬೇಕಾದ ಒತ್ತಡ ಎಲ್ಲಿಂದ ಬಂದಿತು? ಹೊಟ್ಟೆ ಉಬ್ಬರಿಸಿದ ಮಾತ್ರಕ್ಕೆ ಸಂತಾನ ಕಡಿಮೆಯಾಗುವುದೇ?

ಉತ್ತರ: ಮಾಧವ

ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ. ಹಳೆಯ ವಿವರಣೆಯೊಂದು 1973ರದು: ಉತ್ತರದ ನಾಡುಗಳಲ್ಲಿ ಬಿಸಿಲು ಕಡಿಮೆ, ಆದ್ದರಿಂದ ವಿಟಮಿನ್ ಡಿ ಕೊರತೆ, ಹಾಲು ಅರಗಿಸಿಕೊಳ್ಳುವವರಿಗೆ ಕ್ಯಾಲ್ಸಿಯಂ ಚೆನ್ನಾಗಿ ಒದಗಿ ಮೂಳೆಗಳು ಉಳಿದವು ಎಂಬ ವಾದ. ಉರಿಬಿಸಿಲಿನ ಪೂರ್ವ ಆಫ್ರಿಕಾ ಮತ್ತು ಅರೇಬಿಯಾಗಳಲ್ಲಿಯೂ ಇದೇ ಗುಣ ಹಬ್ಬಿರುವುದನ್ನು ಈ ವಾದ ವಿವರಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಹೆಚ್ಚೆಂದರೆ ಒಂದು ಉಪಕಾರಣ.

2022ರಲ್ಲಿ ರಿಚರ್ಡ್ ಎವರ್‌ಶೆಡ್, ಮಾರ್ಕ್ ಥಾಮಸ್ ಮೊದಲಾದ ಸಂಶೋಧಕರು ಯುರೋಪಿನ 550ಕ್ಕೂ ಹೆಚ್ಚು ನೆಲೆಗಳ ಮಡಕೆಗಳಲ್ಲಿ ಉಳಿದ ಕೊಬ್ಬಿನ ದಾಖಲೆಗಳನ್ನೂ ಪ್ರಾಚೀನ ಡಿಎನ್‌ಎಯನ್ನೂ ಒಟ್ಟಿಗೆ ಇಟ್ಟು ನೋಡಿದರು. ಹಾಲನ್ನು ಹೆಚ್ಚು ಬಳಸಿದ ಕಾಲ ಮತ್ತು ಜಾಗಗಳಲ್ಲಿ ಟಿ ಬೇಗ ಹೆಚ್ಚಿರಬೇಕು ಎಂಬ ನಿರೀಕ್ಷೆ ಹುಸಿಯಾಯಿತು. ಜನಸಂಖ್ಯೆ ಕುಸಿದ ಕಾಲಗಳು, ಅಂದರೆ ಬರಗಾಲದ ಸೂಚನೆಗಳು, ಮತ್ತು ಜನ ಒತ್ತೊತ್ತಾಗಿ ನೆಲೆಸಿ ಸೋಂಕುಗಳು ಹೆಚ್ಚಿರಬಹುದಾದ ಕಾಲಗಳು ಆ ಏರಿಕೆಗೆ ಹೆಚ್ಚು ಚೆನ್ನಾಗಿ ಹೊಂದಿಕೊಂಡವು. ಅದೇ ಅಧ್ಯಯನದಲ್ಲಿ ಲಕ್ಷಾಂತರ ಜನರ ಆರೋಗ್ಯ ಮತ್ತು ಡಿಎನ್‌ಎ ದಾಖಲೆಗಳ ಸಂಗ್ರಹವಾದ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿಯನ್ನು ನೋಡಿದಾಗ, ಈ ಗುಣ ಇಲ್ಲದವರೂ ಹಾಲು ಕುಡಿಯುತ್ತಿದ್ದರು, ಅದರಿಂದ ಅವರ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಹಾನಿಯೂ ಕಂಡುಬರಲಿಲ್ಲ.

ಇವೆರಡನ್ನೂ ಸೇರಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಡೆಯದ ಲ್ಯಾಕ್ಟೋಸ್ ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳನ್ನು ಹೊರಬಿಡುತ್ತವೆ. ಉಂಡು ಗಟ್ಟಿಯಾಗಿರುವವರಿಗೆ ಇದರಿಂದ ಆಗುವುದು ಒಂದಿಷ್ಟು ಹೊಟ್ಟೆನೋವು, ಭೇದಿ. ಬೆಳೆ ಹೋಗಿ, ಕೂಡಿಟ್ಟ ಚೀಸ್ ಮುಗಿದು, ಹಸಿ ಹಾಲೊಂದೇ ಉಳಿದಿರುವಾಗ, ಮೊದಲೇ ಸೊರಗಿದ, ಸೋಂಕಿನಿಂದ ನರಳುತ್ತಿರುವ ಮಗುವಿಗೆ ಅದೇ ಭೇದಿ ಪ್ರಾಣಾಂತಕವಾಗಬಲ್ಲದು. ಆಯ್ಕೆ ನಡೆದದ್ದು ಒಳ್ಳೆಯ ವರ್ಷಗಳಲ್ಲಿ ಅಲ್ಲ, ಕೆಟ್ಟ ವರ್ಷಗಳಲ್ಲಿ ಎಂಬುದು ಈ ವಾದದ ಸಾರ. ನನಗೆ ಇದು ಮನವರಿಕೆಯಾಗಿದೆ.

ಉತ್ತರ: ಕಿಣ್ವಪ್ರಿಯ

ಮಾಧವ ಅವರೇ, ಬರಗಾಲದ ವಾದ ಸಮರ್ಥವಾದದ್ದೇ, ಆದರೆ ಮಂಗೋಲಿಯಾವನ್ನು ಮರೆಯಬಾರದು. ಅಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ ಅಸ್ಥಿಗಳ ಹಲ್ಲಿನ ಕಿಟ್ಟದಲ್ಲಿಯೇ ಹಾಲಿನ ಪ್ರೋಟೀನುಗಳು ಸಿಕ್ಕಿವೆ, ಕಠಿಣ ಚಳಿಗಾಲಗಳಿಗೂ ಕೊರತೆಯಿಲ್ಲ. ಆದರೂ ಇಂದಿಗೂ ಅಲ್ಲಿನ ಬಹುತೇಕ ವಯಸ್ಕರಲ್ಲಿ ಲ್ಯಾಕ್ಟೇಸ್ ಉಳಿಯುವುದಿಲ್ಲ. ಹುದುಗಿಸುವ ವಿಧಾನಗಳು ಮತ್ತು ಕರುಳಿನ ಬ್ಯಾಕ್ಟೀರಿಯಾಗಳ ಹೊಂದಾಣಿಕೆ ಅಲ್ಲಿ ವಂಶವಾಹಿಯ ಕೆಲಸವನ್ನು ಬಹುಮಟ್ಟಿಗೆ ನಿಭಾಯಿಸಿರಬೇಕು. ಹಾಗಾಗಿ ಎಲ್ಲ ಪಶುಪಾಲಕರಿಗೂ ಒಂದೇ ಕಾರಣವನ್ನು ಅನ್ವಯಿಸುವ ಮೊದಲು ತುಸು ತಡೆಯುವುದು ಲೇಸು.

ಸುಮನಾ ಅವರು ಮುಂದೆ ಕೇಳಬಹುದಾದ ಒಂದು ಪ್ರಶ್ನೆಗೂ ಈಗಲೇ ಉತ್ತರಿಸಿಬಿಡುತ್ತೇನೆ. 13,910ರ ಜಾಗದಲ್ಲಿ, ತಂದೆ ತಾಯಿಯರಿಂದ ಬಂದ ಎರಡೂ ಪ್ರತಿಗಳಲ್ಲಿ ಸಿ ಇದೆ ಎಂಬ ಡಿಎನ್‌ಎ ವರದಿ ಬಂದ ಮಾತ್ರಕ್ಕೆ ಹಾಲು ಬಿಡಬೇಕಾಗಿಲ್ಲ. ಆಫ್ರಿಕಾ ಮೂಲದವರಲ್ಲಿ ಬೇರೆ ಅಕ್ಷರದ ಬದಲಾವಣೆ ಇದ್ದಿರಬಹುದು, ಆ ಪರೀಕ್ಷೆ ಅದನ್ನು ನೋಡಿಯೇ ಇರುವುದಿಲ್ಲ. ನಿಜವಾಗಿಯೂ ಲ್ಯಾಕ್ಟೇಸ್ ಕುಗ್ಗಿದವರಲ್ಲಿಯೂ ಹೆಚ್ಚಿನವರು ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಒಂದು ಲೋಟ ಹಾಲನ್ನು, ಹೆಚ್ಚಿನ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಖಚಿತವಾಗಿ ತಿಳಿಯಬೇಕಿದ್ದರೆ ಖಾಲಿ ಹೊಟ್ಟೆಯಲ್ಲಿ ಲ್ಯಾಕ್ಟೋಸ್ ಕುಡಿಸಿ, ಆಗಾಗ ಉಸಿರಿನಲ್ಲಿರುವ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ. ಹತ್ತು ಲಕ್ಷದಲ್ಲಿ 20 ಭಾಗದಷ್ಟು ಏರಿಕೆ ಕಂಡರೆ ಸಕ್ಕರೆ ಒಡೆಯದೆ ದೊಡ್ಡಕರುಳನ್ನು ತಲುಪಿದೆ ಎಂದು ಅರ್ಥ. ಹಾಲಿನ ಪ್ರೋಟೀನಿಗೆ ಆಗುವ ಅಲರ್ಜಿ ಬೇರೆಯೇ ವಿಷಯ, ಅದಕ್ಕೂ ಲ್ಯಾಕ್ಟೇಸಿಗೂ ಸಂಬಂಧವಿಲ್ಲ.