ಪುಟ್ಟನ್ನ ಕರ್ಕೊಂಡು ಬರ್ತೀವಿ, ಆದ್ರೆ ಹೋಮದ ಹೊಗೆ

ಚಿಕ್ಕಮ್ಮಾ, ನಿಮ್ಮ ವಾಯ್ಸ್ ಈಗ ಕೇಳ್ದೆ. ಪಾತ್ರೆ ತೊಳೀತಾ ಮಾತಾಡ್ತಿದೀನಿ, ಸದ್ದು ಬಂದ್ರೆ ಬೇಜಾರ್ ಮಾಡ್ಕೋಬೇಡಿ. "ಹೊಸನಗರದಲ್ಲೂ ಆಸ್ಪತ್ರೆ ಇದೆ, 108 ಇದೆ, ಗೃಹಪ್ರವೇಶಕ್ಕೆ ಪುಟ್ಟನ್ನ ಕರ್ಕೊಂಡು ಬರಕ್ಕೆ ಯಾಕಿಷ್ಟು ಹೆದರ್ತೀಯ" ಅಂದ್ರಲ್ಲ. ಬರ್ತೀವಿ. ಆದ್ರೆ ಕುತ್ತಿಗೇಲಿರೋ ಟ್ಯೂಬಿಂದ ಉಸಿರಾಡೋ ಮಗುಗೆ ಆಸ್ಪತ್ರೆ ಹತ್ರ ಇದ್ರೆ ಸಾಲಲ್ಲ ಚಿಕ್ಕಮ್ಮ.

ಹೋದ್ ಮಳೆಗಾಲ ಒಂದ್ ಆಸ್ಪತ್ರೆಗೆ, ಹೆಸ್ರು ಬೇಡ, ಇವ್ನಿಗೆ ಉಸಿರು ಕಟ್ತು ಅಂತ ಎತ್ಕೊಂಡು ಓಡಿದ್ವಿ. ಮೂಗಿಗೆ ಮಾಸ್ಕ್ ಇಟ್ಟು ಆಕ್ಸಿಜನ್ ಬಿಟ್ರು. ಮೇಲಿನ ಉಸಿರಿನ ದಾರಿ ಕಿರಿದು ಅಂತಾನೇ ಕುತ್ತಿಗೇಲಿ ತೂತು ಮಾಡಿ ಟ್ಯೂಬ್ ಹಾಕಿರೋದು, ಮೂಗಿಗೆ ಬಿಟ್ರೆ ಏನ್ ಹೋಗತ್ತೆ ಮಾರಾಯ್ರೆ! "ಕತ್ತಿಗೆ ಹಿಡೀರಿ" ಅಂದ್ರೆ "ನೀವ್ ಆಚೆ ನಿಲ್ಲಿ" ಅಂದ್ರು. ಇಂಥ ಮಗುನ ಅವ್ರು ನೋಡಿರೋದೇ ಅಪರೂಪ ಬಿಡಿ. ನಾನೇ ಟ್ಯೂಬೊಳಗೆ ಕಫ ಎಳೆಯೋ ಸಕ್ಷನ್ ಪೈಪ್ ಹಾಕಿ ನೋಡ್ದೆ, ಒಳಗೇ ಹೋಗ್ಲಿಲ್ಲ, ಕಫ ಗಟ್ಟಿಯಾಗಿ ಕೂತಿತ್ತು. ಡಿಸ್ಚಾರ್ಜ್ ಮುಂಚೆ ಕಲಿಸಿದ್ರಲ್ಲ, ಹಂಗೇ ಹಳೇ ಟ್ಯೂಬ್ ತೆಗೆದು ಹೊಸದು ಹಾಕ್ದೆ. ಆಮೇಲೆ ತುಟಿಗೆ ಬಣ್ಣ ಬಂತು.

ಅವತ್ತಿಂದ ಆ ಕೆಂಪು ಬ್ಯಾಗ್ ನನ್ ಹೆಗಲಿಂದ ಇಳಿದಿಲ್ಲ. ಅದೇ ಸೈಜಿನ ಟ್ಯೂಬ್ ಒಂದು, ಅರ್ಧ ಸೈಜ್ ಚಿಕ್ಕದು ಒಂದು. ಟ್ಯೂಬ್ ಹೊರಗೆ ಬಂದ್ರೆ ತೂತು ಬೇಗ ಮುದುಡ್ಕೊಳತ್ತೆ, ದೊಡ್ಡದು ಹೋಗ್ದಿದ್ರೆ ಚಿಕ್ಕದಾದ್ರೂ ಹೋಗತ್ತೆ. ಜೊತೆಗೆ ಡಾಕ್ಟ್ರ ಕೈಲಿ ಒಂದ್ ಹಾಳೆ ಬರೆಸಿಟ್ಟಿದೀನಿ. ಮೊದಲ್ನೇ ಸಾಲೇ "ಆಕ್ಸಿಜನ್ ಕತ್ತಿಗೆ ಕೊಡಿ". ನಮ್ ಬಾಯಿ ಮಾತು ಕೇಳದೋರೂ ಸೀಲ್ ಇದ್ರೆ ಓದ್ತಾರೆ!

ಈಗ ನಿಮ್ ಮನೆ ವಿಷ್ಯ. ಹೋಮದ ಹೊತ್ತಲ್ಲಿ ನಾವು ಹಿಂದಿನ ರೂಮಲ್ಲಿ ಇರ್ತೀವಿ, ಭಟ್ರು ಕರೆದ್ರೂ ಬರಲ್ಲ. ನಮಗಾದ್ರೆ ಮೂಗು ಹೊಗೆ ಸೋಸತ್ತೆ, ಇವ್ನಿಗೆ ಸೀದಾ ಶ್ವಾಸಕೋಶಕ್ಕೆ. ಮತ್ತೆ ಇವ್ನು ಅತ್ರೆ ಸದ್ದು ಬರಲ್ಲ, ಗಾಳಿ ಧ್ವನಿಪೆಟ್ಟಿಗೆವರೆಗೆ ಏರೋದೇ ಇಲ್ವಲ್ಲ. "ಎಷ್ಟ್ ಸುಮ್ನಿದಾನೆ ಪಾಪ" ಅಂತ ಯಾರೂ ಇವ್ನೊಬ್ಬನ್ನೇ ಬಿಟ್ಟು ಊಟಕ್ಕೆ ಏಳೋ ಹಂಗಿಲ್ಲ. ನಾನು ಕೂತ್ಕೋತೀನಿ, ನಾನ್ ಎದ್ರೆ ಅತ್ತಿಗೆ.

ಶ್ರಾವಣದ ಮಳೆ, ಮರ ಬಿದ್ರೆ ಎರಡ್ ದಿನ ಕರೆಂಟಿಲ್ಲ ನಿಮ್ ಕಡೆ. ಸಕ್ಷನ್ ಮಿಷನ್ನಿಗೆ ಬ್ಯಾಟರಿ ಇದೆ, ಕಾಲಲ್ಲಿ ತುಳಿಯೋದೂ ಒಂದ್ ತರ್ತೀನಿ. ಆದ್ರೂ ಇನ್ವರ್ಟರ್ ಆ ಹಿಂದಿನ ರೂಮಿಗೆ ಬರತ್ತಾ, ಇಲ್ಲ ಬರೀ ಹಾಲಿಗಾ? ಚಿಕ್ಕಪ್ಪನ್ನ ಕೇಳಿ ಹೇಳಿ. ನಮ್ ಕಾರಿಗೆ ಅಡ್ಡ ಯಾರೂ ಗಾಡಿ ನಿಲ್ಲಿಸ್ದಂಗೆ ನೋಡ್ಕೊಳಕ್ಕೂ ಹೇಳಿ.