‘ಶಾಂತ ಸಮುದ್ರ’ ಸರಿಹೋಗುತ್ತಿಲ್ಲ, ಬೇರೆ ಪದ ಇದೆಯಾ?

ಬಲ್ಲವರಲ್ಲಿ ಒಂದು ಪದ ಕೇಳಬೇಕಿತ್ತು.

ಮಗಳು ಇಲ್ಲಿ ಜರ್ಮನಿಯಲ್ಲಿ ಓದಿನ ಜೊತೆಗೆ ಒಂದು ಆರ್ಕೆಸ್ಟ್ರಾದಲ್ಲಿ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ನುಡಿಸುತ್ತಾಳೆ. ಈ ಸಲದ ಕಛೇರಿ ಪೂರ್ತಿ ಸಮುದ್ರದ್ದೇ. 19ನೇ ಶತಮಾನದ ರೊಮ್ಯಾಂಟಿಕ್ ಸಂಗೀತ. (ರೊಮ್ಯಾಂಟಿಕ್ ಅಂದ ಕೂಡಲೇ ನಮ್ಮತ್ತೆ ‘ಲವ್ವಿಂದಾ?’ ಅಂದರು. ಅದನ್ನು ‘ರಮ್ಯ’ ಅನ್ನಬೇಕೋ ಬೇಡವೋ, ಆ ಜಗಳ ಇನ್ನೊಂದು ದಿನಕ್ಕಿರಲಿ.) ಅತ್ತೆ ಕುಮಟಾದವರು, ಮೂರು ತಿಂಗಳು ಇದ್ದು ಹೋಗಲು ಬಂದಿದ್ದಾರೆ. ಅವರಿಗೆ ಅಂತ ಕಾರ್ಯಕ್ರಮದ ಪಟ್ಟಿಯನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ.

ವಾಗ್ನರ್‌ನ ದೆವ್ವದ ಹಡಗಿನ ಕತೆ ಸುಲಭವಾಗಿ ಬಂತು. ಇನ್ನೊಬ್ಬ ಜರ್ಮನ್ ಸಂಗೀತಕಾರ ಮೆಂಡೆಲ್‌ಸನ್‌ನ ‘ಹೆಬ್ರಿಡೀಸ್’ ಸ್ಕಾಟ್‌ಲೆಂಡಿನ ದ್ವೀಪಗಳ ಹೆಸರು, ಹಾಗೇ ಬಿಟ್ಟೆ. ಸಿಕ್ಕಿಹಾಕಿಕೊಂಡದ್ದು ಮೆಂಡೆಲ್‌ಸನ್ 1828ರಲ್ಲಿ, 19ರ ಹುಡುಗನಾಗಿದ್ದಾಗ ಬರೆದ ಇನ್ನೊಂದು ಕೃತಿಯಲ್ಲಿ. ಅದಕ್ಕೆ ಜರ್ಮನ್ ಕವಿ ಗಯಟೆಯ ಎರಡು ಪುಟ್ಟ ಪದ್ಯಗಳ ಹೆಸರೇ ಹೆಸರು: ‘ಮೇರೆಸ್‌ಷ್ಟಿಲ್ಲ’ ಮತ್ತು ‘ಗ್ಲುಕ್ಲಿಖ ಫಾರ್ಟ್’. ಎರಡನೆಯದು ಸಲೀಸು. ‘ಶುಭಪ್ರಯಾಣ’. ಊರು ದಾಟುವಾಗ ಬೋರ್ಡಿನ ಮೇಲೆ ಇರುತ್ತದಲ್ಲ, ಅದೇ. ಮೊದಲನೆಯದಕ್ಕೆ ‘ಶಾಂತ ಸಮುದ್ರ’ ಅಂತ ಬರೆದೆ.

ಅತ್ತೆ ಚೀಟಿ ಕೈಲಿ ಹಿಡಿದುಕೊಂಡೇ ಕೇಳಿದರು. ಶುರುವಿನಲ್ಲಿ ಡಬಲ್ ಬೇಸ್‌ಗಳ ತಗ್ಗಿನ ಸ್ವರ, ಮೇಲೆ ಪಿಟೀಲುಗಳು ಉಸಿರು ಬಿಗಿಹಿಡಿದ ಹಾಗೆ. ಒಂದಷ್ಟು ಹೊತ್ತು ಏನೂ ಆಗುವುದೇ ಇಲ್ಲ. ಆಮೇಲೆ ಕೊಳಲು ಸಣ್ಣದಾಗಿ ಕೂಗುತ್ತದೆ. ಗಾಳಿ ಎದ್ದಿತು. ಹಡಗು ಹೊರಟಿತು. ಕೊನೆಗೆ ನಗಾರಿ, ತುತ್ತೂರಿ, ದಡ.

ವಿರಾಮದಲ್ಲಿ ಅತ್ತೆ ಚೀಟಿ ತೋರಿಸಿ, ‘ಶಾಂತ ಅಂತ ಬರ್ದಿದ್ಯಲ್ಲೇ, ಎಂತ ಶಾಂತ ಇದು? ನಡು ಸಮುದ್ರದಲ್ಲಿ ಗಾಳಿ ನಿಂತ್ರೆ ಹಾಯಿದೋಣಿಯವ್ರ ಗತಿ ಎಂತ?’ ಅಂದರು.

ಮನೆಗೆ ಬಂದು ಪದ್ಯ ಓದಿದೆ. ಸಾವಿನಂಥ ಮೌನ, ಭಯಂಕರ ಅನ್ನುವ ಮಾತು ಅದರಲ್ಲೇ ಇದೆ! ಗಯಟೆಗೆ ಅದು ಸ್ವಂತ ಅನುಭವವೂ ಹೌದು. 1787ರ ಮೇ ತಿಂಗಳಲ್ಲಿ ಸಿಸಿಲಿಯಿಂದ ನೇಪಲ್ಸ್‌ಗೆ ಮರಳುವಾಗ ಕಾಪ್ರಿ ದ್ವೀಪದ ಹತ್ತಿರ ಗಾಳಿ ನಿಂತು, ಅವನಿದ್ದ ಹಡಗು ಸುಮ್ನೆ ಬಂಡೆಗಳ ಕಡೆಗೆ ತೇಲತೊಡಗಿತ್ತು. ನಾನು ತುಮಕೂರಿನವಳು. ಅಲೆ ಇಲ್ಲ ಅಂದರೆ ಮಕ್ಕಳನ್ನು ನೀರಿಗೆ ಬಿಡಬಹುದು ಅನ್ನುವಷ್ಟೇ ನನ್ನ ಸಮುದ್ರಜ್ಞಾನ.

ಈಗ ಪದಕ್ಕೆ ಬರೋಣ. ‘ಶಾಂತ’, ‘ಪ್ರಶಾಂತ’ ಎರಡೂ ಹೊಗಳುವ ಮಾತುಗಳು. ‘ಪ್ರಶಾಂತ ವಾತಾವರಣ’ ಅಂತ ಸೈಟು ಮಾರುವವರು ಬರೆಯುತ್ತಾರೆ. ಮೇಲಾಗಿ ‘ಶಾಂತಸಾಗರ’ ಅಂದರೆ ಶಾಲೆಯ ಭೂಪಟದ ಪೆಸಿಫಿಕ್ಕೇ ಕಣ್ಣಿಗೆ ಬರುತ್ತದೆ. ‘ನಿಸ್ತರಂಗ’ವನ್ನು ಅತ್ತೆಗೆ ಮತ್ತೆ ಬಿಡಿಸಿ ಹೇಳಬೇಕು. ‘ನೀರವ’ ಅಂದರೆ ಸದ್ದಿಲ್ಲ, ‘ನಿಶ್ಚಲ’ ಅಂದರೆ ಅಲುಗಾಟವಿಲ್ಲ. ಜರ್ಮನ್ನಿನ ‘ಷ್ಟಿಲ್ಲ’ದಲ್ಲಿ ಎರಡೂ ಅರ್ಥ ಇವೆ, ಅದೇ ತಾಪತ್ರಯ. ‘ತೆಪ್ಪಗಿರುವ ಕಡಲು’ ಅಂತ ನಮ್ಮನೆಯವರು ಸೂಚಿಸಿದರು. ತೆಪ್ಪಗಿರುವ ಕಡಲಲ್ಲಿ ತೆಪ್ಪ ಹೋಗುವುದು ಹೇಗೆ ಅಂತ ನಕ್ಕೆವು ಅಷ್ಟೆ. ‘ತೆಪ್ಪಗಿರು’ ಅನ್ನುವುದರಲ್ಲಿ ಗದರಿಕೆ ಇದೆ, ಭಯ ಇಲ್ಲ.

ಹತ್ತಿರ ಬಂದದ್ದು ‘ಸ್ತಬ್ಧ’. ಬಂದ್ ಆದ ಮರುದಿನ ಪೇಪರಿನಲ್ಲಿ ‘ನಗರ ಸ್ತಬ್ಧ’ ಅಂತ ಬಂದರೆ ಓಡಾಟವೂ ಇರಲಿಲ್ಲ, ಸದ್ದೂ ಇರಲಿಲ್ಲ, ಜೊತೆಗೆ ಸಣ್ಣ ಆತಂಕ ಇತ್ತು ಅಂತ ಅರ್ಥ ಅಲ್ವಾ? ಆದರೆ ‘ಸ್ತಬ್ಧ ಕಡಲು’ ಅಂದರೆ ಪೇಪರಿನ ವಾಸನೆ ಜಾಸ್ತಿ ಹೊಡೆಯುತ್ತದೆ. ‘ಗಾಳಿ ನಿಂತ ಕಡಲು’ ಅನ್ನಬಹುದೇ? ನನಗೆ ಇದೇ ಇಷ್ಟ. ಗಾಳಿ ನಿಂತಿದೆ ಅಂದರೆ ತಾನೇ ಆ ಕೊಳಲಿಗೆ ಕಾಯುವುದು? ಸಣ್ಣ ತಕರಾರು ಏನಂದರೆ, ಇದು ಹೆಸರಿನ ಹಾಗೆ ಕೂರುವುದಿಲ್ಲ, ಹವಾಮಾನದ ಸುದ್ದಿ ಹೇಳಿದ ಹಾಗಿದೆ.

ಹಾಗಾಗಿ ಕೇಳುತ್ತಿದ್ದೇನೆ. ದೋಣಿಗೆ ಇಂಜಿನ್ ಬರುವ ಮೊದಲು ಹಾಯಿ ಕಟ್ಟಿ ಹೋಗುತ್ತಿದ್ದ ಕರಾವಳಿಯವರ ಬಾಯಲ್ಲಿ ಈ ಸ್ಥಿತಿಗೆ ಒಂದೇ ಪದ ಇತ್ತೇ? ಕನ್ನಡ, ಕೊಂಕಣಿ, ತುಳು, ಯಾವುದಾದರೂ ಸರಿ. ಅತ್ತೆಯನ್ನೂ ಕೇಳಿದೆ. ‘ನಮ್ಮದು ಅಡಿಕೆ ತೋಟದ ಮನೆ ಮಾರಾಯ್ತಿ, ದೋಣಿಯವ್ರನ್ನ ಕೇಳು’ ಅಂದರು.

ಬರುವ ಶನಿವಾರ ಇದೇ ಕಛೇರಿ ಇನ್ನೊಂದು ಊರಲ್ಲಿದೆ. ಅತ್ತೆ ಮತ್ತೆ ಬರುತ್ತಾರಂತೆ. ಚೀಟಿಯಲ್ಲಿ ‘ಶಾಂತ’ವನ್ನು ಹೊಡೆದುಹಾಕಿ ಜಾಗ ಖಾಲಿ ಬಿಟ್ಟಿದ್ದೇನೆ.